ಕ್ಯಾವರ್‌ಶಮ್‌ನಲ್ಲಿ ಮನೆ: ನದಿ ಪಕ್ಕವೋ, ಗುಡ್ಡದ ಮೇಲೋ?

ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿ ಥೇಮ್ಸ್ ನದಿಯ ಉತ್ತರ ದಡವೇ ಕ್ಯಾವರ್‌ಶಮ್. 1911ರವರೆಗೆ ಇದು ಆಕ್ಸ್‌ಫರ್ಡ್‌ಶೈರ್‌ಗೆ ಸೇರಿತ್ತು. ರೆಡಿಂಗ್‌ಗೆ ಸೇರಿದ ಮೇಲೆ 1923ರಲ್ಲಿ ರೆಡಿಂಗ್ ಸೇತುವೆ, 1926ರಲ್ಲಿ ಈಗಿನ ಕ್ಯಾವರ್‌ಶಮ್ ಸೇತುವೆ ಬಂದವು. ವಾಹನಗಳಿಗೆ ಇಂದಿಗೂ ಇವೆರಡೇ ದಾರಿ, ಹಾಗಾಗಿ ಬೆಳಿಗ್ಗೆ ಎಂಟರ ಹೊತ್ತಿಗೆ ಕಾರು ತೆಗೆದವರ ಪಾಡು ಕೇಳಬೇಡಿ.

ತಗ್ಗಿನ ಲೋವರ್ ಕ್ಯಾವರ್‌ಶಮ್‌ನಲ್ಲಿ ವಿಕ್ಟೋರಿಯಾ ಕಾಲದ, ಗೋಡೆಗೆ ಗೋಡೆ ಅಂಟಿದ ಇಟ್ಟಿಗೆ ಮನೆಗಳೇ ಹೆಚ್ಚು. 2015ರ ಕ್ರೈಸ್ಟ್‌ಚರ್ಚ್ ಕಾಲುಸೇತುವೆ ದಾಟಿದರೆ ರೈಲು ನಿಲ್ದಾಣಕ್ಕೆ ಸುಮಾರು ಕಾಲು ಗಂಟೆ ನಡಿಗೆ. ತೊಂದರೆಯೆಂದರೆ ನೀರು. 1947ರಲ್ಲಿ ಬೀದಿಗಳೇ ಮುಳುಗಿದ್ದವು. ಅಡಿಯಲ್ಲಿ ಜಲ್ಲಿ ಇರುವುದರಿಂದ ನದಿ ದಡ ಮೀರುವ ಮೊದಲೇ ಅಂತರ್ಜಲ ನೆಲದಡಿಗೆ ಏರಬಹುದು. ಮನೆ ನೋಡುವಾಗ ಗೋಡೆಬುಡದ ಗಾಳಿಕಿಂಡಿ ಮುಚ್ಚಿದೆಯೇ ನೋಡಿ. ಮುಚ್ಚಿದ್ದರೆ ಮರದ ನೆಲ ತೇವ ಹಿಡಿದು ಕೊಳೆಯುತ್ತದೆ. ಸರ್ಕಾರದ ಪ್ರವಾಹ ನಕ್ಷೆಯಲ್ಲಿ ವಲಯ 3 ಎಂದಿದ್ದರೆ ವರ್ಷಕ್ಕೆ ಶೇ. 1 ಅಥವಾ ಹೆಚ್ಚು ಸಾಧ್ಯತೆ. ಪ್ರವಾಹದ ಅಪಾಯವಿರುವ ಮನೆಗಳಿಗೂ ಕೈಗೆಟುಕುವ ದರದಲ್ಲಿ ವಿಮೆ ಸಿಗಲು ಆಸರೆಯಾಗುವ ಫ್ಲಡ್ ರೀ ಯೋಜನೆಗೆ 2009ರಿಂದೀಚೆ ಕಟ್ಟಿದ ಮನೆಗಳು ಸೇರುವುದಿಲ್ಲ; ಹೊಸ ಮನೆಯೇ ಸುರಕ್ಷಿತ ಎಂಬ ಲೆಕ್ಕ ಇಲ್ಲಿ ತಲೆಕೆಳಗು.

ಕ್ಯಾವರ್‌ಶಮ್ ಹೈಟ್ಸ್ ಸುಣ್ಣಕಲ್ಲಿನ ಗುಡ್ಡ. ದೊಡ್ಡ ಬಿಡಿಮನೆ, ತೋಟ, ಬೆಲೆಯೂ ದೊಡ್ಡದು. ನದಿಯ ಭಯವಿಲ್ಲ, ಆದರೆ ನಿಲ್ದಾಣದಿಂದ ಮರಳುವುದು ಏರುದಾರಿ.

ದಿನವೂ ಲಂಡನ್‌ಗೆ ರೈಲು ಹಿಡಿಯುವವರಿಗೆ ತಗ್ಗೇ ಸರಿ, ಆದರೆ ವಿಮೆಯ ದರ ಕೇಳಿದ ಮೇಲೆ ಮುಂಗಡ ಕೊಡಿ.