ಯೆಜ್ಡಿ ಟ್ಯಾಂಕಿಗೆ ಮ್ಯಾಟ್ ಕ್ಲಿಯರ್ ಮಾಡಿಸ್ದೆ, ಬನ್ನಿಮಂಟಪದ ಪೇಂಟ್ ಶಾಪ್ ಬಗ್ಗೆ

ಮೈಸೂರಲ್ಲಿ ಗಾಡಿಗೆ ಮ್ಯಾಟ್ ಫಿನಿಶ್ ಮಾಡಿಸ್ಬೇಕು ಅಂತಿರೋರು ಇಲ್ಲಿಗೆ ಧೈರ್ಯವಾಗಿ ಕೊಡ್ಬೋದು, ಆದ್ರೆ ಅರ್ಜೆಂಟ್ ಇದ್ರೆ ಬೇಡ. ನಾನು ಕೊಟ್ಟಿದ್ದು ಯೆಜ್ಡಿ ರೋಡ್‌ಕಿಂಗ್ ಟ್ಯಾಂಕು, ಸೈಡ್ ಕವರ್ರು, ಎರಡು ಮಡ್‌ಗಾರ್ಡು. ನಮ್ಮೂರಲ್ಲೇ ತಯಾರಾದ ಗಾಡಿ, ಫ್ಯಾಕ್ಟ್ರಿ 1996ರಲ್ಲೇ ಬಾಗಿಲು ಹಾಕ್ತು, ಟ್ಯಾಂಕ್ ಹಾಳಾದ್ರೆ ಇನ್ನೊಂದು ಒರಿಜಿನಲ್ ಹುಡ್ಕೋದು ಸುಲಭ ಅಲ್ಲ, ಹಾಗಾಗಿ ಯಾರ ಕೈಗೆ ಕೊಡ್ತೀನಿ ಅನ್ನೋದು ನಂಗೆ ದೊಡ್ಡ ವಿಷ್ಯನೇ ಆಗಿತ್ತು.

ಮ್ಯಾಟ್ ಅಂದ್ರೆ ಹೊಳಪು ಕಮ್ಮಿ ಇರೋ ಪೇಂಟು ಅಷ್ಟೇ ಅಂದ್ಕೊಂಡಿರ್ತಾರೆ ಜನ. ಆದ್ರೆ ಅಷ್ಟೇ ಅಲ್ಲ. ಕ್ಲಿಯರ್ ಅಂದ್ರೆ ಬಣ್ಣದ ಮೇಲೆ ಕೊನೇಲಿ ಹೊಡಿಯೋ ಪಾರದರ್ಶಕ ಕೋಟು. ಹೊಳಪಿರೋ ಗ್ಲಾಸಿ ಕ್ಲಿಯರ್ ಮೇಲೆ ಧೂಳು ಕೂತ್ರೆ, ಹೊಡಿಯೋವಾಗ ಒಂಚೂರು ಸೋರಿ ಇಳಿದ್ರೆ, 2000 ಗ್ರಿಟ್ ಪೇಪರ್ (ತುಂಬಾ ನಯವಾದ ಉಜ್ಜೋ ಕಾಗದ) ಹಾಕಿ ಉಜ್ಜಿ ಕಾಂಪೌಂಡ್ ಹಚ್ಚಿ ಬಫ್ ಮಾಡಿದ್ರೆ ಸರಿ ಹೋಗತ್ತೆ. ಮ್ಯಾಟಲ್ಲಿ ಆ ಚಾನ್ಸೇ ಇಲ್ಲ. ಉಜ್ಜಿದ ಜಾಗ ಹೊಳಿಯೋಕೆ ಶುರುವಾಗತ್ತೆ, ಸ್ಪ್ರೇ ಗನ್ನಿಂದ ಹೇಗೆ ಬಂತೋ ಅದೇ ಫೈನಲ್ಲು, ಕೆಟ್ರೆ ಇಡೀ ಪ್ಯಾನೆಲ್ ಉಜ್ಜಿ ಮತ್ತೆ ಹೊಡೀಬೇಕು. ನನ್ನ ಫ್ರೆಂಡು ಬೇರೆ ಒಂದ್ಕಡೆ ಬುಲೆಟ್ ಟ್ಯಾಂಕ್ ಮಾಡಿಸ್ದ, ನೆರಳಲ್ಲಿ ಚೆನ್ನಾಗೇ ಕಾಣ್ತಿತ್ತು, ಬಿಸಿಲಿಗೆ ತಂದ್ರೆ ಒಂದ್ಕಡೆ ಮಬ್ಬು ಇನ್ನೊಂದ್ಕಡೆ ಹೊಳಪು, ಪಟ್ಟೆ ಪಟ್ಟೆ.

ಇಲ್ಲಿ ನಂಗೆ ಇಷ್ಟ ಆಗಿದ್ದು ಮೇಸ್ತ್ರಿ ಕೆಲಸ ಮಾಡೋ ರೀತಿ. ನಿಂತು ನೋಡ್ತೀನಿ ಅಂದ್ರೆ ಬೇಡ ಅನ್ನಲ್ಲ. ಮ್ಯಾಟ್ ಕ್ಲಿಯರ್ ಡಬ್ಬಿ ಮುಚ್ಚಳ ತೆಗೆದಾಗ ಮೇಲೆ ತಿಳಿ, ತಳದಲ್ಲಿ ಬೆಳ್ಳಗೆ ಗಟ್ಟಿ ಕೂತಿತ್ತು. ಹೊಳಪು ಕಮ್ಮಿ ಮಾಡೋದು ಆ ಪುಡೀನೇ, ಸಿಲಿಕಾ ತರದ್ದು, ಅದು ಪೂರ್ತಿ ಕದಡ್ದೇ ಹೊಡೆದ್ರೆ ಮೊದಲ್ನೇ ಪ್ಯಾನೆಲ್ ಒಂತರ ಕೊನೇದು ಇನ್ನೊಂತರ ಆಗತ್ತೆ. ಈಯಪ್ಪ ಚಪ್ಪಟೆ ಕಡ್ಡಿ ತಗೊಂಡು ತಳ ಕೆರೆದು ಕೆರೆದು ಕದಡಿ, ಕಡ್ಡಿ ಎತ್ತಿ ತುದಿ ನೋಡಿ, ಇನ್ನೂ ಗಂಟಿದೆ ಅಂತ ಮತ್ತೆ ಕದಡಿ, ಆಮೇಲೇ ಹಾರ್ಡ್‌ನರ್, ಅಂದ್ರೆ ಕೋಟು ಗಟ್ಟಿ ಮಾಡೋ ದ್ರವ, ಹಾಕಿ ಸೋಸಿದ್ದು. ಹಾರ್ಡ್‌ನರ್ ಕಣ್ಣಳತೆಯಲ್ಲಲ್ಲ, ಗೆರೆ ಇರೋ ಕಪ್ಪಲ್ಲಿ. ಟ್ಯಾಂಕ್ ಮುಟ್ಟೋ ಮುಂಚೆ ಒಂದು ಹಳೇ ತಗಡಿಗೆ ಹೊಡೆದು ಒಣಗಿಸಿ ತೋರ್ಸಿದ್ರು, ಇಷ್ಟು ಮ್ಯಾಟ್ ಸಾಕಾ ಇಲ್ಲ ಸ್ವಲ್ಪ ಸ್ಯಾಟಿನ್ (ಮ್ಯಾಟ್‌ಗಿಂತ ಒಂಚೂರು ಹೊಳಪು) ಇರ್ಲಾ ಅಂತ.

ಟ್ಯಾಂಕ್ ಮೇಲಿನ ಗೋಲ್ಡ್ ಲೈನು, ಸ್ಟಿಕ್ಕರ್ರು ಎದ್ದು ಕಾಣ್ದಂಗೆ ಮೊದಲು ಗ್ಲಾಸಿ ಕ್ಲಿಯರ್ ಹೊಡೆದು ಮುಳುಗ್ಸಿ, ಗಟ್ಟಿ ಆದ್ಮೇಲೆ 800 ಪೇಪರಲ್ಲಿ ನೀರು ಹಾಕಿ ಸಮ ಮಾಡಿ, ಅದ್ರ ಮೇಲೆ ಮ್ಯಾಟ್ ಕೊಟ್ಟಿದ್ದಾರೆ. ಈಗ ಲೈನ್ ಮೇಲೆ ಉಗುರು ಎಳೆದ್ರೂ ಅಂಚು ಸಿಗಲ್ಲ. ಮ್ಯಾಟ್ ಎರಡೇ ಕೋಟು, ಮೊದಲ್ನೇದು ಪೂರ್ತಿ ಮಬ್ಬಾಗೋ ತನಕ, ಅಂದ್ರೆ 15-20 ನಿಮಿಷ, ಗನ್ ಮುಟ್ಟಲೇ ಇಲ್ಲ, ಯಾಕಂದ್ರೆ ಒಳಗೆ ಥಿನ್ನರ್ ಸಿಕ್ಕಾಕೊಂಡ್ರೆ ಆ ಜಾಗ ಹೊಳಿಯತ್ತೆ. ಗನ್ನಿನ ಪ್ರತಿ ಎಳೆ ಹಿಂದಿನ ಎಳೆ ಮೇಲೆ ಅರ್ಧಕ್ಕಿಂತ ಜಾಸ್ತಿ ಬೀಳೋ ಹಾಗೆ, ಒಂದೇ ದೂರ, ಒಂದೇ ಸ್ಪೀಡು, ಟ್ಯಾಂಕ್ ಮಧ್ಯದಲ್ಲಿ ಎಲ್ಲೂ ನಿಲ್ಲಿಸಲ್ಲ. ಮಳೆ ಜಾಸ್ತಿ ಇದ್ದ ದಿನ ಹೊಡಿಯೋದನ್ನೇ ಮುಂದಕ್ಕೆ ಹಾಕಿದ್ರು. ಪೇಂಟ್ ಹೊಡಿಯೋ ಬೂತ್ ಒಳಗೆ ಹೋಗೋರೆಲ್ಲ ಕಾರ್ಟ್ರಿಜ್ ಮಾಸ್ಕ್ (ಗಾಳಿ ಸೋಸೋ ಡಬ್ಬಿ ಇರೋದು) ಹಾಕ್ತಾರೆ, ಹಾರ್ಡ್‌ನರಲ್ಲಿರೋ ಐಸೋಸಯನೇಟ್ ಉಸಿರಿಗೆ ಹೋದ್ರೆ ಅಸ್ತಮಾ ತನಕ ತರತ್ತೆ, ಮೂಗಿಗೆ ಕರ್ಚೀಫ್ ಕಟ್ಕೊಂಡು ಹೊಡಿಯೋ ಹುಡುಗ್ರನ್ನ ಎಷ್ಟೋ ಕಡೆ ನೋಡಿ ಹೊಟ್ಟೆ ಉರ್ದಿದೆ ನಂಗೆ, ಇದೊಂದಕ್ಕೇ ಬೇಕಾದ್ರೂ ಇವ್ರಿಗೆ ಪೂರ್ತಿ ಮಾರ್ಕ್ಸ್ ಕೊಡ್ತೀನಿ.

ರಿಸಲ್ಟು? ಬೆಳಗಿನ ಬಿಸಿಲಲ್ಲಿ ಓರೆಯಾಗಿ ನೋಡ್ದೆ, ಟ್ಯೂಬ್‌ಲೈಟ್ ಕೆಳಗೂ ನೋಡ್ದೆ, ಪಟ್ಟೆ ಇಲ್ಲ, ಮರಳು ಮರಳು ಇಲ್ಲ, ಕಪ್ಪು ಬಣ್ಣ ಆಳವಾಗಿ ಕಾಣತ್ತೆ. ಸೈಡ್ ಕವರ್ ಕೆಳಗಡೆ ಮೂಲೇಲಿ ಒಂದು ಧೂಳಿನ ಕಣ ಇದೆ, ಹುಡುಕಿದ್ರೆ ಸಿಗತ್ತೆ, ಬಿಡಿ ಅಂದೆ.

ಬೇಜಾರು ಎರಡು. ರೇಟು ಗ್ಲಾಸಿಗಿಂತ ಜಾಸ್ತಿ, ಅದು ಕೆಲಸ ನೋಡಿದ್ಮೇಲೆ ಒಪ್ಕೋಬೋದು. ಆದ್ರೆ ಆಮೇಲೆ ಹೇಗೆ ನೋಡ್ಕೋಬೇಕು ಅಂತ ಒಂದು ಚೀಟೀಲಾದ್ರೂ ಬರ್ದು ಕೊಡಲ್ಲ, ನಾನೇ ಕೇಳಿ ಕೇಳಿ ತಿಳ್ಕೊಂಡೆ. ವ್ಯಾಕ್ಸ್, ಪಾಲಿಶ್ ಹಚ್ಚಂಗಿಲ್ಲ, ವಾಟರ್ ಸರ್ವೀಸ್‌ನೋರು ಕೊನೇಲಿ ಹೊಡಿಯೋ ಶೈನರ್ ಅಂತೂ ಬೇಡ್ವೇ ಬೇಡ. ಪಿಎಚ್ ನ್ಯೂಟ್ರಲ್ ಶಾಂಪೂ, ಮೆತ್ತನೆ ಬಟ್ಟೆ, ತಿಕ್ಕದೇ ಒರ್ಸೋದು. ಹಕ್ಕಿ ಹಿಕ್ಕೆ, ಪೆಟ್ರೋಲು ಚೆಲ್ಲಿದ್ರೆ ಅವಾಗ್ಲೇ ತೊಳೀಬೇಕು.

ಇನ್ನೊಂದು, ಆಯುಧ ಪೂಜೆಗೆ ಮುಂಚೆ ಇವ್ರ ಹತ್ರ ಸಿಕ್ಕಾಪಟ್ಟೆ ರಶ್ಶು, ಗಣೇಶ ಹಬ್ಬಕ್ಕೆ ಮುಂಚೇನೇ ಕೊಟ್ಬಿಡಿ. ಪೂಜೆ ದಿನ ಅರಿಶಿನ ಕುಂಕುಮ ಹೆಡ್‌ಲೈಟ್ ಗ್ಲಾಸಿಗೆ ಇಡಿ, ಟ್ಯಾಂಕಿಗೆ ಬೇಡ, ಮ್ಯಾಟ್ ಮೇಲೆ ಅರಿಶಿನದ ಕಲೆ ಕೂತ್ರೆ ಉಜ್ಜಿ ತೆಗಿಯೋಕೂ ಆಗಲ್ಲ.