ಒಂದೇ ದಿನ ಇದ್ದರೆ ಬೇಲೂರಾ, ಹಳೇಬೀಡಾ?

ನಮ್ಮ ಮನೆ ಹಾಸನದಲ್ಲಿ. ನೆಂಟರು ಬಂದ ಮಾರನೇ ದಿನ ಬೆಳಿಗ್ಗೆ ಕಾಫಿ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಎರಡು ಊರಿಗೂ ನಡುವೆ ಸುಮಾರು 16 ಕಿಲೋಮೀಟರ್ ಅಷ್ಟೇ, ಎರಡನ್ನೂ ನೋಡಿಬಿಡೋಣ ಅನ್ನುತ್ತಾರೆ. ಮೊದಮೊದಲು ನಾನೂ ಹಾಗೇ ಕರೆದುಕೊಂಡು ಹೋಗುತ್ತಿದ್ದೆ. ಎರಡನೇ ಗುಡಿಗೆ ಬರುವಷ್ಟರಲ್ಲಿ ಎಲ್ಲರ ಕಾಲೂ ಸೋತಿರುತ್ತಿತ್ತು. ಫೋಟೋ ತೆಗೆದುಕೊಂಡು ಹೊರಟುಬಿಡುತ್ತಿದ್ದರು. ಅಂಥ ಕೆಲಸವನ್ನು ಹಾಗೆ ನೋಡಿ ಬಂದರೆ ನನಗೆ ಸಂಕಟವಾಗುತ್ತದೆ.

ಅದಕ್ಕೇ ಕಳೆದ ಚಳಿಗಾಲದಲ್ಲಿ ಬೇರೆ ಬೇರೆ ದಿನ ಹೋದೆವು. ಒಂದು ಭಾನುವಾರ ಚಿಕ್ಕಮ್ಮ, ಚಿಕ್ಕಪ್ಪನ ಜೊತೆ ಬೇಲೂರು. ಮುಂದಿನ ವಾರ ಅತ್ತಿಗೆ ಮತ್ತು ಅವರ ಇಬ್ಬರು ಮಕ್ಕಳ ಜೊತೆ ಹಳೇಬೀಡು.

ಬೇಲೂರಿನ ದೊಡ್ಡ ಗುಣ ಅಂದರೆ ಅದು ಇನ್ನೂ ಬದುಕಿರುವ ಗುಡಿ. ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನಿಗೆ ಇವತ್ತಿಗೂ ಪೂಜೆ ನಡೆಯುತ್ತದೆ. ಚಿಕ್ಕಮ್ಮನಿಗೆ ಅದೇ ಮುಖ್ಯ. ತುಳಸಿ ತೆಗೆದುಕೊಂಡು, ತೀರ್ಥ ಕುಡಿದು, ನವರಂಗದ ಕಂಬಕ್ಕೆ ಒರಗಿ ಅರ್ಧ ಗಂಟೆ ಕೂತರು. ಒಳಗೆ ಕತ್ತಲು ಜಾಸ್ತಿ. ಕಣ್ಣು ಹೊಂದಿಕೊಳ್ಳುವವರೆಗೆ ಕಾಯಬೇಕು. ಆಮೇಲೆ ಒಂದೊಂದೇ ಕಂಬ ಬೆಳಕಿಗೆ ಬರುತ್ತದೆ. ನರಸಿಂಹ ಕಂಬದ ಮುಂದೆ ನಿಂತು, ಇದು ಒಂದು ಕಾಲದಲ್ಲಿ ತಿರುಗುತ್ತಿತ್ತಂತೆ ಎಂದು ಚಿಕ್ಕಪ್ಪ ಎಲ್ಲರಿಗೂ ಹೇಳಿದ್ದೇ ಹೇಳಿದ್ದು.

ತೊಂದರೆ ಇರುವುದು ಹೊರಗೆ. ಒಟ್ಟು 42 ಮದನಿಕೆಯರಲ್ಲಿ, ಅಂದರೆ ಕಲ್ಲಿನ ಸುಂದರಿಯರಲ್ಲಿ, 38 ಹೊರಗೇ ಇದ್ದಾರೆ. ಅವರೆಲ್ಲ ಸೂರಿನ ಕೆಳಗೆ, ಎತ್ತರದಲ್ಲಿ. ಕತ್ತೆತ್ತಿ ನೋಡಿ ನೋಡಿ ಚಿಕ್ಕಪ್ಪನಿಗೆ ಕುತ್ತಿಗೆ ಹಿಡಿಯಿತು. ಆ ದಿನ ಸಿಕ್ಕ ಗೈಡ್ ಬೇರೆ ಅವಸರದ ಮನುಷ್ಯ. ದರ್ಪಣ ಸುಂದರಿ ತೋರಿಸಿ ಮುಂದಕ್ಕೆ ನಡೆದುಬಿಟ್ಟರು. ಕೆಲವು ಮೂರ್ತಿಗಳ ಕೆಳಗೆ ಶಿಲ್ಪಿಗಳು ತಮ್ಮ ಹೆಸರು ಕೊರೆದಿದ್ದಾರೆ, ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಅಪ್ಪ ಮಗ ಜೊತೆಗೆ ಕೆಲಸ ಮಾಡಿದ ಜಾಗ ಅದು. ಅದನ್ನು ಕೇಳಿ ತೋರಿಸಿಕೊಳ್ಳಿ, ಬಿಡಬೇಡಿ.

ಹಳೇಬೀಡಿನಲ್ಲಿ ಕತ್ತು ಎತ್ತುವ ಕೆಲಸ ಕಡಿಮೆ. ಹೊಯ್ಸಳೇಶ್ವರ ಗುಡಿಯ ಸುತ್ತ ಜಗತಿಯ, ಅಂದರೆ ಕಲ್ಲಿನ ಕಟ್ಟೆಯ, ಮೇಲೆ ನಡೆಯುತ್ತಾ ಹೋದರೆ ಎಲ್ಲ ಕಣ್ಣಿನ ಮಟ್ಟಕ್ಕೇ ಸಿಗುತ್ತದೆ. ಮಕ್ಕಳಿಗಂತೂ ಇದೇ ಸರಿ. ಚಿಕ್ಕವನು ಕೆಳಗಿನ ಸಾಲಿನ ಆನೆ ಎಣಿಸುತ್ತಾ ಹೋದ. ದೊಡ್ಡವಳು ಚಕ್ರವ್ಯೂಹದ ಮುಂದೆ ನಿಂತುಬಿಟ್ಟಳು, ಅಭಿಮನ್ಯು ಯಾವ ಕಡೆಯಿಂದ ಒಳಗೆ ಹೋದ ಅಂತ ಹುಡುಕುತ್ತಾ. ಕೈಲಾಸ ಎತ್ತುವ ರಾವಣನ ಹತ್ತಿರ ಇನ್ನೂ ಹತ್ತು ನಿಮಿಷ. ಕಲ್ಲಿನಲ್ಲಿ ಇಷ್ಟು ಸಣ್ಣ ಸರ ಹೇಗೆ ಕೆತ್ತಿದರು ಅಂತ ಕೇಳಿದಳು. ಇದು ಬಳಪದ ಕಲ್ಲು, ನೆಲದಿಂದ ತೆಗೆದ ಹೊಸದರಲ್ಲಿ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ ಅಂದೆ.

ಗುಡಿಯ ಪಕ್ಕದಲ್ಲೇ ಗರುಡ ಕಂಬ ಇದೆ. ಎರಡನೇ ಬಲ್ಲಾಳನ ಅಂಗರಕ್ಷಕ ಕುವರ ಲಕ್ಷ್ಮ, ರಾಜ ಸತ್ತಾಗ ತಾನೂ ಪ್ರಾಣ ಕೊಟ್ಟ. ಅವನ ಹೆಂಡತಿಯೂ, ಜೊತೆಗಿದ್ದವರೂ. ಕಂಬದ ಮೇಲೆ ತಮ್ಮ ತಲೆ ತಾವೇ ಕಡಿದುಕೊಳ್ಳುವ ವೀರರ ಚಿತ್ರ ಇದೆ. ಅತ್ತಿಗೆ ಅಲ್ಲಿ ಮಾತಾಡದೆ ನಿಂತರು.

ಆದರೆ ನನ್ನ ಮನಸ್ಸನ್ನು ಹಳೇಬೀಡಿನ ಕಡೆಗೆ ಎಳೆದದ್ದು ದೊಡ್ಡ ಗುಡಿಯಲ್ಲ. ಅಲ್ಲಿಂದ ಸ್ವಲ್ಪ ದೂರದ ಬಸದಿಗಳು. ಬಸ್ಸಿನಲ್ಲಿ ಬಂದವರು ಹೆಚ್ಚಿನವರು ಇಲ್ಲಿಗೆ ಬರುವುದೇ ಇಲ್ಲ. ಪಾರ್ಶ್ವನಾಥ ಬಸದಿಯನ್ನು ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪ 1133ರಲ್ಲಿ ತಂದೆಯ ನೆನಪಿಗೆ ಕಟ್ಟಿಸಿದ. ಹೊರಗಡೆ ಕೆತ್ತನೆ ಅಷ್ಟಾಗಿ ಇಲ್ಲ, ಸಾದಾ ಗೋಡೆ. ಒಳಗೆ ಕಾಲಿಟ್ಟರೆ ಕಪ್ಪು ಕಂಬಗಳು, ಕನ್ನಡಿಯ ಹಾಗೆ ನುಣುಪು. ಚಿಕ್ಕವನು ಹತ್ತಿರ ಹೋಗಿ ತನ್ನ ಮುಖ ನೋಡಿಕೊಂಡ, ಆಮೇಲೆ ಅಮ್ಮನನ್ನು ಕೈಹಿಡಿದು ಎಳೆದುಕೊಂಡು ಬಂದು ಪಕ್ಕದಲ್ಲಿ ನಿಲ್ಲಿಸಿಕೊಂಡ. ಅಲ್ಲಿ ನಾವು ನಾಲ್ಕು ಜನ ಬಿಟ್ಟರೆ ಯಾರೂ ಇರಲಿಲ್ಲ. ಅಷ್ಟು ಕೆತ್ತನೆ ನೋಡಿದ ಕಣ್ಣಿಗೆ ಆ ಸಾದಾ ಗೋಡೆ ಎಷ್ಟು ತಂಪು ಅನ್ನಿಸಿತು.

ಇನ್ನು ಊಟ. ಬೇಲೂರಿಗೆ ಹೋದ ದಿನ ಹಸಿವು ತಡೆದುಕೊಂಡು ಇನ್ನೊಂದು 25 ಕಿಲೋಮೀಟರ್ ಚಿಕ್ಕಮಗಳೂರಿಗೇ ಹೋದೆವು, ಟೌನ್ ಕ್ಯಾಂಟೀನ್ ಮಸಾಲೆ ದೋಸೆಗೆ. ಚಿಕ್ಕ ಜಾಗ, ಕಾಯಬೇಕು. ಕಾದದ್ದಕ್ಕೆ ಮೋಸವಿಲ್ಲ. ದೋಸೆ ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಮೇಲೆ ಕಾಫಿ. ಚಿಕ್ಕಪ್ಪ ಎರಡು ತಿಂದರು.

ಹಳೇಬೀಡಿಗೆ ಮನೆಯಿಂದಲೇ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡು ಹೋಗಿದ್ದೆ. ಬುತ್ತಿಗೆ ಹಿಟ್ಟು ಉಕ್ಕರಿಸಿ ಮಾಡಿದ ರೊಟ್ಟಿಯೇ ಆಗಬೇಕು, ಮಧ್ಯಾಹ್ನಕ್ಕೂ ಮೆತ್ತಗಿರುತ್ತದೆ. ಈರುಳ್ಳಿ ಹಾಕಿ ತಟ್ಟಿದ ರೊಟ್ಟಿ ಹಂಚಿಂದ ಎತ್ತಿದ ಕೂಡಲೇ ರುಚಿ, ಆರಿದರೆ ಗಟ್ಟಿ. ಹುಚ್ಚೆಳ್ಳನ್ನು ಸೀಯದ ಹಾಗೆ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು ಹಾಕಿ ಅರೆದಿದ್ದೆ. ದ್ವಾರಸಮುದ್ರ ಕೆರೆಯ ಕಡೆ ನೆರಳು ನೋಡಿ ಕೂತೆವು. ದೋಸೆ ಎಷ್ಟೇ ಚೆನ್ನಾಗಿದ್ದರೂ, ಆ ಕೆರೆ ಗಾಳಿಯಲ್ಲಿ ತಿಂದ ರೊಟ್ಟಿಯೇ ನನಗೆ ಹೆಚ್ಚು.

ವಯಸ್ಸಾದವರಿಗೆ ದೇವರ ದರ್ಶನ ಬೇಕಿದ್ದರೆ ಬೇಲೂರಿಗೇ ಹೋಗಿ, ಬೆಳಿಗ್ಗೆ ಬೇಗ. ಮಧ್ಯಾಹ್ನ ಗರ್ಭಗುಡಿ ಬಾಗಿಲು ಹಾಕಿರುತ್ತಾರೆ, ಅಂಗಳದ ಕಲ್ಲೂ ಕಾದಿರುತ್ತದೆ. ಕಾಲುಚೀಲ ಮರೆಯಬೇಡಿ. ಮಕ್ಕಳಿದ್ದರೆ, ಅಥವಾ ಸುಮ್ನೆ ನಿಧಾನಕ್ಕೆ ನೋಡುವ ಮನಸ್ಸಿದ್ದರೆ ಹಳೇಬೀಡು, ಬಸದಿಗಳ ಸಮೇತ. ನನ್ನನ್ನು ಕೇಳಿದರೆ ಹಳೇಬೀಡೇ ಒಂದು ಕೈ ಮೇಲು.

ಮುಂದಿನ ತಿಂಗಳು ದಾವಣಗೆರೆಯಿಂದ ಭಾವನ ಮನೆಯವರು ಬರುತ್ತಾರೆ. ಹುಚ್ಚೆಳ್ಳು ಆಗಲೇ ತಂದಿಟ್ಟಿದ್ದೇನೆ.