ಗಾಜಿನ ಪಡಸಾಲೆಗೆ ನವಲಗುಂದದ ಜಮಖಾನ: ಒಂದು ಚಳಿಗಾಲ ಬಳಸಿದ ಮೇಲೆ

ಧಾರವಾಡದ ನಮ್ಮ ಮನೆಯ ಮುಂದಿನ ಕಟ್ಟೆಗೆ ಎರಡು ವರ್ಷಗಳ ಹಿಂದೆ ಅಲ್ಯೂಮಿನಿಯಂ ಚೌಕಟ್ಟು, ಗಾಜು ಹಾಕಿಸಿ ಪಡಸಾಲೆ ಮಾಡಿಕೊಂಡೆವು. ಮಳೆಗಾಲದ ಜಿಟಿಜಿಟಿಯನ್ನು ಒಳಗೆ ಕುಳಿತೇ ನೋಡಬೇಕೆಂಬ ಆಸೆ ಈಡೇರಿತು. ಆದರೆ ಡಿಸೆಂಬರ್ ಬಂತೆಂದರೆ, ಹಗಲೆಲ್ಲ ಬಿಸಿಲಿಗೆ ಕಾದ ಅದೇ ಕೋಣೆ ದೀಪ ಹಚ್ಚಿದ ಸ್ವಲ್ಪ ಹೊತ್ತಿಗೇ ಥಂಡಿ ಹಿಡಿಯುತ್ತಿತ್ತು. ಬಂದವರು ಚಾ ಕುಡಿದು ಮುಗಿಸುವ ಮೊದಲೇ ಒಳಗೆ ಹೋಗೋಣವೆಂದು ಏಳುತ್ತಿದ್ದರು. ಈ ಸಲ ಸಂಕ್ರಾಂತಿಯ ಹಿಂದಿನ ದಿನ, ಭೋಗಿಯ ರಾತ್ರಿ ಊಟಕ್ಕೆ ಬೀಗರನ್ನು ಕರೆದಿದ್ದೆವು. ಹನ್ನೆರಡು ಜನ ಅಲ್ಲಿಯೇ ನೆಮ್ಮದಿಯಾಗಿ ಕುಳಿತು ಉಣ್ಣಬೇಕೆಂಬುದು ನನ್ನ ಹಟವಾಗಿತ್ತು.

ಬಿಸಿಲನ್ನು ಒಳಗೆ ಬಿಡುವ ಗಾಜು, ಸೂರ್ಯ ಮುಳುಗಿದ ಮೇಲೆ ಕೋಣೆಯ ಶಾಖವನ್ನು ತಾನು ಹೀರಿ ಹೊರಗಿನ ತಂಪಿಗೆ ಒಪ್ಪಿಸುತ್ತದೆ. ನಡುವೆ ಗಾಳಿಯ ಪದರವಿರುವ ಜೋಡಿ ಗಾಜಿಗೆ ಹೋಲಿಸಿದರೆ ನಮ್ಮ ಮನೆಯಲ್ಲಿರುವಂಥ ಒಂಟಿ ಗಾಜಿನಿಂದ ಶಾಖ ಸೋರುವುದು ಹೆಚ್ಚುಕಡಿಮೆ ಎರಡು ಪಟ್ಟು. ಹಾಕಿಸಿದ ಗಾಜನ್ನು ಕೀಳಿಸಿ ಬದಲಿಸುವ ಶಕ್ತಿ ನಮಗಿರಲಿಲ್ಲವಾದ್ದರಿಂದ ಮೊದಲು ಎಣ್ಣೆ ತುಂಬಿದ 2000 ವ್ಯಾಟಿನ ಹೀಟರ್ ತಂದೆವು. ಪೂರ್ಣ ಉರಿಯಲ್ಲಿಟ್ಟರೆ ಗಂಟೆಗೆ 2 ಯೂನಿಟ್ ಕರೆಂಟು ತಿನ್ನುವ ಅದು ಗಾಳಿಯನ್ನು ಬೆಚ್ಚಗೆ ಮಾಡಿತು, ಕಾಲುಗಳನ್ನಲ್ಲ. ಬಿಸಿ ಗಾಳಿ ಮೇಲೇರಿ ನಿಲ್ಲುತ್ತಿತ್ತು. ಕೆಳಗೆ ಟೈಲ್ಸು ಹಾಗೆಯೇ ಕೊರೆಯುತ್ತಿತ್ತು. ಕೆಲಸದವರು ಸರಿಯುವ ಬಾಗಿಲಿನ ಅಂಚಿಗೆ ಗಾಳಿ ನುಸುಳದಂತೆ ಹಾಕಬೇಕಾದ ಬ್ರಷ್ ಪಟ್ಟಿಯನ್ನೇ ಹಾಕದೆ ಬಿಟ್ಟಿದ್ದರೆಂಬುದು ಊದುಬತ್ತಿ ಹಿಡಿದು ನೋಡಿದಾಗ ತಿಳಿಯಿತು. ಹೊಗೆ ಒಂದೇ ಕಡೆ ಓಡುತ್ತಿತ್ತು. ಪಟ್ಟಿಯನ್ನು ನಾವೇ ತಂದು ಅಂಟಿಸಿದೆವು, ಗಾಜಿಗೆ ಅಸ್ತರು ಕೊಟ್ಟ ದಪ್ಪ ಖಾದಿ ಪರದೆ ಇಳಿಬಿಟ್ಟೆವು. ಇದ್ದಿಲ ಅಗ್ಗಿಷ್ಟಿಕೆ ಇಡೋಣವೆಂದು ಮನೆಯಲ್ಲಿ ಮಾತು ಬಂದಾಗ ನಾನು ಒಪ್ಪಲಿಲ್ಲ, ಯಾರೂ ಒಪ್ಪಬಾರದು ಕೂಡ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಬಿಡುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಅದು ಪ್ರಾಣ ತೆಗೆಯುತ್ತದೆ.

ಕೋಣೆಯನ್ನು ನಿಜವಾಗಿ ಬದಲಿಸಿದ್ದು ನವಲಗುಂದದಿಂದ ತಂದ 6 ಅಡಿ ಅಗಲ, 9 ಅಡಿ ಉದ್ದದ ಜಮಖಾನ. ಹುಬ್ಬಳ್ಳಿಯಿಂದ ವಿಜಯಪುರದ ರಸ್ತೆ ಹಿಡಿದರೆ ಸಿಗುವ ಈ ಊರಿನಲ್ಲಿ ಹೆಣ್ಣುಮಕ್ಕಳೇ ನಿಲುವು ಮಗ್ಗದಲ್ಲಿ, ಮನೆಯಲ್ಲಿ ಕುಳಿತು, ಹತ್ತಿಯ ನೂಲಿನಿಂದ ಇದನ್ನು ನೇಯುತ್ತಾರೆ. ಊರಿನ ಹೆಸರನ್ನು ಬೇರೆಯವರು ಬಳಸದಂತೆ ಕಾಯುವ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆಯೂ ಇದಕ್ಕಿದೆ. ನಮ್ಮದರ ನಡುವೆ ಪಗಡೆಯ ಹಾಸು, ಅಂಚಿಗೆ ಎದುರುಬದುರು ನಿಂತ ನವಿಲುಗಳು. ಬೆರಳಿನಿಂದ ಒತ್ತಿ ನೋಡಿದರೆ ಅಡ್ಡ ನೂಲು ಎಷ್ಟು ಬಿಗಿಯಾಗಿ ಕೂತಿದೆಯೆಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸು ನೂಲು ಎಲ್ಲಿಯೂ ಕಣ್ಣಿಗೆ ಬೀಳುವುದಿಲ್ಲ, ಬಣ್ಣ ಬದಲಾಗುವ ಗೆರೆಯಲ್ಲಿ ಕೂಡ. ಹಿಂದುಮುಂದು ಎರಡೂ ಬದಿ ಒಂದೇ ತೆರನಾಗಿರುವುದರಿಂದ ತಿರುವಿ ಹಾಸಬಹುದು. ಟೈಲ್ಸು ಅಂಗಾಲಿನ ಕಾವನ್ನು ಕ್ಷಣದಲ್ಲಿ ಎಳೆದುಕೊಳ್ಳುತ್ತದೆ. ಹತ್ತಿಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಆ ಕಾವನ್ನು ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ. ಹೀಟರನ್ನು ಅರ್ಧಕ್ಕಿಳಿಸಿದರೂ ಸಾಕೆನಿಸಿದ್ದು ಇದನ್ನು ಹಾಸಿದ ಮೇಲೆಯೇ.

ಭೋಗಿಯ ರಾತ್ರಿ ಅದರ ಮೇಲೆ ಸಾಲಾಗಿ ಕುಳಿತು, ಬೆನ್ನಿಗೆ ಲೋಡು, ಹಿರಿಯರ ಮೊಳಕಾಲ ಮೇಲೆ ಹಳೆಯ ಸೀರೆಗಳಿಂದ ಹೊಲಿದ ಕೌದಿ, ಎದುರಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಇಟ್ಟುಕೊಂಡು ಉಂಡೆವು. ಮಂಡಿನೋವಿನ ಬೀಗತಿಯವರು, “ಕಾಲು ಥಣ್ಣಗಾಗ್ಲಿಲ್ಲ ನೋಡವಾ, ಇನ್ನೊಂದು ರೊಟ್ಟಿ ಹಾಕು” ಎಂದಾಗ ನನಗಾದ ಸಂತೋಷವನ್ನು ಬರೆದು ತಿಳಿಸಲಾರೆ. ಹತ್ತೂವರೆಯವರೆಗೂ ಯಾರೂ ಏಳಲಿಲ್ಲ.

ತೊಂದರೆಗಳೂ ಇವೆ. ನುಣುಪಾದ ಟೈಲ್ಸಿನ ಮೇಲೆ ಜಮಖಾನ ಜಾರುತ್ತದೆ. ವಯಸ್ಸಾದವರು ಓಡಾಡುವ ಮನೆಯಲ್ಲಿ ಕೆಳಗೆ ರಬ್ಬರಿನ ಜಾಲರಿ ಹಾಕದೆ ಹಾಸಲೇಬೇಡಿ. ಭಾರ ಹೆಚ್ಚು, ಒಬ್ಬರಿಂದ ಜಾಡಿಸಲು ಆಗದು, ವಾಷಿಂಗ್ ಮಷಿನ್ನಿಗಂತೂ ಹಾಕುವಂತಿಲ್ಲ. ಹೆಚ್ಚು ಜನ ಕೂಡಿದ ರಾತ್ರಿ ಉಸಿರಿನ ಹಬೆ, ಚಾದ ಹಬೆ ತಣ್ಣನೆಯ ಗಾಜಿಗೆ ತಾಗಿ ನೀರಾಗಿ ಇಳಿಯುತ್ತದೆ. ನಮ್ಮ ಜಮಖಾನದ ಒಂದು ಮೂಲೆ ಹೀಗೆ ತೊಯ್ದು ಮುಗ್ಗಲು ವಾಸನೆ ಹಿಡಿದಿತ್ತು. ಈಗ ಗಾಜಿನಿಂದ ಒಂದು ಅಡಿ ಬಿಟ್ಟು ಹಾಸುತ್ತೇವೆ, ಬೆಳಿಗ್ಗೆ ಗಾಜಿನ ಬುಡವನ್ನು ಒಣ ಬಟ್ಟೆಯಿಂದ ಒರೆಸುತ್ತೇವೆ. ಕೈನೇಯ್ಗೆಯಾದ್ದರಿಂದ ಬೇಕಾದ ಅಳತೆ ಕೂಡಲೇ ಸಿಗುತ್ತದೆಂದು ಹೇಳಲಾಗದು. ಬರುವ ಚಳಿಗಾಲಕ್ಕೆ ಬೇಕಿದ್ದವರು ದಸರೆಗೆ ಮೊದಲೇ ಹೇಳಿಟ್ಟರೆ ಒಳ್ಳೆಯದು. ಬಾಗಿಲ ಬಳಿಯ ತುಂಡು ಜಾಗಕ್ಕೆ ಇನ್ನೊಂದು ಸಣ್ಣ ಜಮಖಾನವನ್ನು ನಾನು ಈಗಲೇ ಹೇಳಿ ಬಂದಿದ್ದೇನೆ.